ಮೂರು ಗಾಲಿಯ ರಥದಲ್ಲಿ ಕೊಚ್ಚಿ

ಉದ್ಯೋಗದಿಂದ ನಿವೃತ್ತನಾದವನು ಮೊದಲು ಕಾಶಿಗೆ ಹೋಗಿಬರಬೇಕೆಂಬುದು ನಮ್ಮ ಕಡೆಯ ವಾಡಿಕೆ. ನಾನೂ ಹಾಗೆಯೇ ಎಣಿಸಿಕೊಂಡಿದ್ದೆನು. ಅಷ್ಟರಲ್ಲಿ ನಮ್ಮ ಅಳಿಯನಿಗೆ ಎರ್ನಾಕುಲಕ್ಕೆ ವರ್ಗವಾಯಿತು. "ಕಾಶಿ ಎಲ್ಲಿಗೂ ಹೋಗುವುದಿಲ್ಲ, ಅಪ್ಪಾ. ನಾವು ಈ ಊರಿನಲ್ಲಿ ಎಷ್ಟು ದಿವಸ ಇರುತ್ತೇವೆಯೋ ತಿಳಿಯದು. ಮೊದಲು ಇಲ್ಲಿಗೆ ಬನ್ನಿ" ಎಂದು ಮಗಳು ಮೇಲಿಂದ ಮೇಲೆ ಹೇಳತೊಡಗಿದಳು. ಹೀಗೆ ಉತ್ತರಾಭಿಮುಖವಾಗಬೇಕಾಗಿದ್ದ ಯಾತ್ರೆಯು ದಕ್ಷಿಣಾಭಿಮುಖವಾಯಿತು. ಕಳೆದ ಮಾಘಮಾಸದಲ್ಲಿ ನಾನೂ ನನ್ನ ಸಹಧರ್ಮಿಣಿಯೂ ಕುಮಟೆಯಲ್ಲಿ ರೈಲು ಹತ್ತಿ ಎರ್ನಾಕುಲದಲ್ಲಿ ಇಳಿದೆವು.

ಕೊಚ್ಚಿಯೆಂಬುದು ನನಗೆ ಹೊಸ ಹೆಸರಲ್ಲ. ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನೂ, ಚರಿತ್ರೆಯ ಉಪಾಧ್ಯಾಯರು ದೊರೆಯದಿದ್ದ ವರ್ಷಗಳಲ್ಲಿ ಚರಿತ್ರೆಯನ್ನೂ ಕಲಿಸಿದವನು ನಾನು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಇಳಿದುದು, 1503ರಲ್ಲಿ ಪೋರ್ತುಗೀಸರು ಕೊಚ್ಚಿಯಲ್ಲಿ ಕೋಟೆ ಕಟ್ಟಿದುದು, 1663ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡುದು, 1795ರಲ್ಲಿ ಇಂಗ್ಲಿಷರು ಡಚ್ಚರಿಂದ ಕಿತ್ತುಕೊಂಡುದು, ಈ ನಾಲ್ಕು ಇಸವಿಗಳನ್ನು ಎಷ್ಟು ಮಂದಿ ಮಕ್ಕಳಿಂದ ಬಾಯಿಪಾಠ ಮಾಡಿಸಿರುವೆನೋ ಲೆಕ್ಕವಿಲ್ಲ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದುದೂ ಉಂಟು. ಊರನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ನೋಡುವ ಬಗೆ ಹೇಗೆಂಬ ಪ್ರಶ್ನೆ ಬಂದಿತು. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಇವೆರಡೂ ಒಂದಕ್ಕೊಂದು ಹೊಂದಿಕೊಂಡಿರುವ ಹಳೆಯ ಊರುಗಳು. ಕಾಲಿನಲ್ಲಿ ಶಕ್ತಿಯುಳ್ಳವರು ನಡೆದೇ ನೋಡಬಹುದು. ನನ್ನ ಮಂಡಿಗಳು ಆ ಪಂಗಡಕ್ಕೆ ಸೇರಿದವಲ್ಲ. ಬಸ್ಸಿನಲ್ಲಿ ಐವತ್ತು ಜನರೊಡನೆ ಹೋಗಿ, ಸೀಟಿ ಊದಿದರೆ ಇಳಿದು ಸೀಟಿ ಊದಿದರೆ ಹತ್ತುವ ಕೆಲಸವು ಶಾಲೆಯ ಪ್ರವಾಸಗಳಲ್ಲಿಯೇ ಸಾಕಾಗಿತ್ತು. ಕಡೆಗೆ ಮಗಳು ನೆರೆಮನೆಯವರಲ್ಲಿ ವಿಚಾರಿಸಿ, ಊರನ್ನು ತೋರಿಸಿ ವಿವರವನ್ನೂ ಹೇಳಬಲ್ಲ ಆಟೋರಿಕ್ಷಾದವನೊಬ್ಬನನ್ನು ಒಂದು ಹಗಲಿಗೆ ಒಂದು ಸಾವಿರದ ಇನ್ನೂರು ರೂಪಾಯಿಗಳಂತೆ ಗೊತ್ತುಮಾಡಿದಳು. ಅವನು ಬೆಂಗಳೂರಿನ ಬೇಕರಿಯೊಂದರಲ್ಲಿ ಹನ್ನೊಂದು ವರ್ಷ ದುಡಿದು ಊರಿಗೆ ಮರಳಿದವನು, ಕನ್ನಡ ಬಲ್ಲನು; ಅದೇ ಅವನ ಮುಖ್ಯ ಯೋಗ್ಯತೆಯೆಂದು ಆಗ ನಮಗೆ ತೋರಿತ್ತು. ಹೋಗುವ ವಾಚಕರಿಗೆ ಇಲ್ಲಿಯೇ ಒಂದು ಸೂಚನೆ: ಮಟ್ಟಾಂಚೇರಿಯ ಅರಮನೆಗೆ ಶುಕ್ರವಾರ ಬಿಡುವು, ಯಹೂದಿಗಳ ಪ್ರಾರ್ಥನಾಮಂದಿರಕ್ಕೆ ಶನಿವಾರ ಬಿಡುವು. ನಾವು ಬುಧವಾರ ಹೋದೆವು.

ಎರ್ನಾಕುಲದಿಂದ ಫೋರ್ಟ್ ಕೊಚ್ಚಿಗೆ ಸೇತುವೆಗಳ ಮೇಲೆಯೂ ಹೋಗಬಹುದು, ನೀರಿನ ಮೇಲೆಯೂ ಹೋಗಬಹುದು. 2024ರಿಂದ ಹೈಕೋರ್ಟಿನ ಬಳಿಯ ಕಟ್ಟೆಯಿಂದ ವಾಟರ್ ಮೆಟ್ರೋ ಎಂಬ ಹೊಸ ದೋಣಿಗಳು ಅಲ್ಲಿಗೆ ನಡೆಯುತ್ತಿವೆ. ವಿದ್ಯುಚ್ಛಕ್ತಿಯಿಂದ ಚಲಿಸುವುದರಿಂದ ಹೊಗೆಯಿಲ್ಲ, ಗದ್ದಲವಿಲ್ಲ. ಸುತ್ತಲೂ ಗಾಜಿನ ಕಿಟಕಿಗಳು. ಎಡಗಡೆಗೆ ಕಾಣುವ ದೊಡ್ಡ ದ್ವೀಪವು ದೇವರು ಮಾಡಿದುದಲ್ಲ. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು 1920ರಲ್ಲಿ ಇಲ್ಲಿಗೆ ಬಂದು, ದೊಡ್ಡ ಹಡಗುಗಳು ಒಳಬರುವಂತೆ ಸಮುದ್ರದ ಬಾಯನ್ನು ತೋಡಿಸಿ, ಹಾಗೆ ತೆಗೆದ ಮಣ್ಣನ್ನು ರಾಶಿಹಾಕಿ ಮಾಡಿಸಿದುದು. ಬಂದರಿಗೆ ಮೂಲವಾದುದು ಅದಕ್ಕಿಂತ ಬಹಳ ಹಿಂದಿನ ಒಂದು ಪ್ರವಾಹ. ಪ್ರಾಚೀನರ ಮುಚಿರಿ ಪಟ್ಟಣವು ಕೊಡುಂಗಲ್ಲೂರಿನ ಕಡೆ ಪೆರಿಯಾರ್ ನದಿಯ ಮುಖದಲ್ಲಿದ್ದಿತು. 1341ರಲ್ಲಿ ಬಂದ ಮಹಾಪ್ರವಾಹದಿಂದ ಆ ನದೀಮುಖವು ಹೂಳಿನಿಂದ ಕಟ್ಟಿಕೊಂಡು, ಇಲ್ಲಿ ಕೊಚ್ಚಿಯ ಬಾಯಿ ತೆರೆಯಿತೆಂದು ಚರಿತ್ರಕಾರರು ಹೇಳುವರು. ಸಂಸ್ಕೃತದಲ್ಲಿ ಈ ಊರಿಗೆ ಗೋಶ್ರೀ ಎಂದು ಹೆಸರು. ನಾನು ಇದನ್ನೆಲ್ಲ ಹೇಳುತ್ತಿರುವಾಗ ನನ್ನಾಕೆಯು ಡಾಲ್ಫಿನ್ ಮೀನೊಂದು ನೀರಿನಿಂದ ಮೇಲೆದ್ದುದನ್ನು ಕಂಡಳಂತೆ. ನಾನು ತಿರುಗುವುದರೊಳಗೆ ಅದು ಮುಳುಗಿತ್ತು.

ಕಟ್ಟೆಯ ಮೇಲೆ ನಮ್ಮ ಸಾರಥಿಯು ಕಾದಿದ್ದನು. ನಲವತ್ತೈದರ ಸುಮಾರಿನ, ತೆಳ್ಳಗಿನ ಮನುಷ್ಯ. ಖಾಕಿ ಅಂಗಿ, ಹಣೆಯಲ್ಲಿ ಚಂದನದ ಗೆರೆ. "ಬನ್ನಿ ಮಾಷೇ, ಬನ್ನಿ ಅಮ್ಮಾ" ಎಂದನು. ಮಾಷ್ ಎಂಬುದು ಮಾಸ್ತರ ಎಂಬುದರ ಮಲಯಾಳದ ರೂಪ. ಆ ನಾಡಿನಲ್ಲಿ ಉಪಾಧ್ಯಾಯನಾದವನು ಸಾಯುವವರೆಗೂ ಮಾಷ್ ಆಗಿಯೇ ಇರುತ್ತಾನೆ. ನಿವೃತ್ತಿಯ ಪತ್ರವನ್ನು ಪಡೆದು ಇನ್ನೂ ವರ್ಷ ತುಂಬದ ನನಗೆ ಆ ಕರೆ ಹಿತವಾಗಿ ಕೇಳಿಸಿತೆಂಬುದನ್ನು ಮುಚ್ಚಿಡಲಾರೆ.

ಮೊದಲು ಚೀನಾ ಬಲೆಗಳು. ಚಿತ್ರಗಳಲ್ಲಿ ಕಂಡವರಿಗೆ ಇವು ಅಲಂಕಾರದ ವಸ್ತುಗಳಂತೆ ತೋರುತ್ತವೆ. ಹತ್ತಿರ ನಿಂತು ನೋಡಿದರೆ ನಮ್ಮ ಬಾವಿಯ ಏತದ ದೊಡ್ಡಣ್ಣನೆಂದು ತಿಳಿಯುವುದು. ದಡದಲ್ಲಿ ನೆಟ್ಟ ದಪ್ಪ ಮರಗಳ ಚೌಕಟ್ಟು; ಅದರ ಮುಂದಣ ತುದಿಯಲ್ಲಿ ಬಾಗಿದ ನಾಲ್ಕು ಗಳುಗಳಿಂದ ತೂಗಾಡುವ ಬಲೆ; ಹಿಂದಣ ತುದಿಯಲ್ಲಿ ಹಗ್ಗಗಳಿಗೆ ಕಟ್ಟಿದ ಬಂಡೆಗಳು. ಒಬ್ಬನು ಮರದ ಮೇಲೆ ನಡೆದು ಮುಂದಕ್ಕೆ ಹೋದರೆ ಅವನ ಭಾರಕ್ಕೆ ಬಲೆಯು ನೀರಿಗೆ ಇಳಿಯುತ್ತದೆ. ಕೆಲವು ನಿಮಿಷಗಳ ಮೇಲೆ ನಾಲ್ಕೈದು ಜನರು ಹಗ್ಗ ಹಿಡಿದು ಎಳೆದರೆ ಬಂಡೆಗಳು ಒಂದೊಂದಾಗಿ ಕೆಳಗಿಳಿದು ಬಲೆಯನ್ನು ಮೇಲೆತ್ತುತ್ತವೆ. ಹದಿನಾಲ್ಕನೆಯ ಶತಮಾನದಲ್ಲಿ ಚೀನದ ವರ್ತಕರು ತಂದರೆಂದು ಕೆಲವರು, ಮಕಾವಿನಿಂದ ಪೋರ್ತುಗೀಸರು ತಂದರೆಂದು ಕೆಲವರು ವಾದಿಸುವರು. ನಾವು ನೋಡುತ್ತಿದ್ದಂತೆ ಎರಡು ಬಾರಿ ಬಲೆ ಎದ್ದಿತು. ಮೊದಲನೆಯ ಸಲ ಒಂದು ಬೊಗಸೆಯಷ್ಟು ಮೀನು, ಎರಡನೆಯ ಸಲ ಪ್ಲಾಸ್ಟಿಕ್ಕಿನ ಚೀಲ, ನೀರುಹುಲ್ಲು. "ಮೊದಲು ತೇಗದ ಮರ ಹಾಕುತ್ತಿದ್ದರು ಮಾಷೇ. ಈಗ ಆ ಬೆಲೆಗೆ ಯಾರಿಗೆ ಆಗುತ್ತದೆ? ಕಬ್ಬಿಣದ ಕೊಳವೆ ಹಾಕಿದ್ದಾರೆ ನೋಡಿ. ಮೀನಿಗಿಂತ ಫೋಟೋದವರು ಕೊಡುವ ಹಣವೇ ಹೆಚ್ಚು" ಎಂದನು ಸಾರಥಿ.

ಅಲ್ಲಿಂದ ಸಂತ ಫ್ರಾನ್ಸಿಸನ ಇಗರ್ಜಿಗೆ ಎರಡು ನಿಮಿಷದ ದಾರಿ. ಬೀದಿಯ ಎರಡೂ ಪಕ್ಕಗಳಲ್ಲಿ ಛತ್ರಿಯಂತೆ ಹರಡಿದ ಮಳೆಮರಗಳು. ಅವುಗಳ ನೆರಳಿನಲ್ಲಿ ಮಾಡು ಇಳಿಜಾರಾದ ಡಚ್ಚರ ಕಾಲದ ಮನೆಗಳು. ಕೋಟೆಯು ಮಾತ್ರ ಹೆಸರಿನಲ್ಲಷ್ಟೇ ಇದೆ. 1806ರಲ್ಲಿ ಇಂಗ್ಲಿಷರು ಅದನ್ನು ಮದ್ದಿಟ್ಟು ಉರುಳಿಸಿದರು. ಇಗರ್ಜಿಯನ್ನು ಪೋರ್ತುಗೀಸರು 1503ರಲ್ಲಿ ಮರದಿಂದ ಕಟ್ಟಿ, 1516ರಲ್ಲಿ ಕಲ್ಲಿನಿಂದ ಕಟ್ಟಿಸಿದರು. ಅನಂತರ ಅದು ಡಚ್ಚರದಾಯಿತು, ಇಂಗ್ಲಿಷರದಾಯಿತು, ಈಗ ದಕ್ಷಿಣ ಭಾರತದ ಸಭೆಯದು. ನೆಲದಲ್ಲಿದ್ದ ಸಮಾಧಿಯ ಕಲ್ಲುಗಳನ್ನು ಎತ್ತಿ ಒಂದು ಗೋಡೆಗೆ ಪೋರ್ತುಗೀಸರವನ್ನೂ ಎದುರು ಗೋಡೆಗೆ ಡಚ್ಚರವನ್ನೂ ನಿಲ್ಲಿಸಿದ್ದಾರೆ. ಬದುಕಿದ್ದಾಗ ಒಬ್ಬರನ್ನೊಬ್ಬರು ಓಡಿಸಿದವರು ಈಗ ಪಂಕ್ತಿಯಲ್ಲಿ ಎದುರುಬದುರಾಗಿ ನಿಂತಿರುವರು.

ವಾಸ್ಕೋ ಡ ಗಾಮನು 1524ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಯ ಹಿಂದಿನ ದಿನ ಈ ಊರಿನಲ್ಲಿ ತೀರಿಕೊಂಡನು. ಅವನನ್ನು ಇಲ್ಲಿಯೇ ಹೂಳಿದ್ದರು. ಕೆಲವು ವರ್ಷಗಳ ತರುವಾಯ ಅವನ ಅಸ್ಥಿಗಳನ್ನು ಪೋರ್ತುಗಲ್ಲಿಗೆ ಒಯ್ದರು. ಕಟಕಟೆಯೊಳಗಿನ ಆ ಚಪ್ಪಡಿಯ ಮುಂದೆ ನಾನು ಬಹಳ ಹೊತ್ತು ನಿಂತುಬಿಟ್ಟೆನು. ಮೂವತ್ತನಾಲ್ಕು ವರ್ಷಗಳ ಪಾಠವು ಕಲ್ಲಾಗಿ ಎದುರಿಗೆ ಬಿದ್ದಿದ್ದಿತು.

"ಅವನು ಈಗ ಇದರ ಕೆಳಗಿಲ್ಲವಷ್ಟೆ?" ಎಂದು ನನ್ನಾಕೆ ಕೇಳಿದಳು.

"ಇಲ್ಲ."

"ಹಾಗಾದರೆ ಏನನ್ನು ನೋಡುತ್ತಿದ್ದೀರಿ?"

ಇದಕ್ಕೆ ಉತ್ತರ ಹೊಳೆಯಲಿಲ್ಲ. ಸಾರಥಿಯು ಮೆಲ್ಲಗೆ ಮೇಲಕ್ಕೆ ಕೈತೋರಿಸಿದನು. ಆಸನಗಳ ಮೇಲೆ ಉದ್ದಕ್ಕೂ ಬಟ್ಟೆಯ ಬೀಸಣಿಗೆಗಳು ತೂಗುಬಿದ್ದಿವೆ. ಅವುಗಳ ಹಗ್ಗಗಳನ್ನು ಹೊರಗೆ ನಿಂತವರು ಎಳೆಯುತ್ತಿದ್ದರಂತೆ. "ಒಳಗಿದ್ದವರ ಹೆಸರು ಕಲ್ಲಿನಲ್ಲಿ ಇದೆ ಮಾಷೇ. ಹೊರಗೆ ಬಿಸಿಲಿನಲ್ಲಿ ಎಳೆದವರ ಹೆಸರು ಎಲ್ಲೂ ಇಲ್ಲ" ಎಂದನು. ಮಾತುಗಾರನೆಂದುಕೊಂಡೆನು. ಪ್ರವಾಸಿಗಳನ್ನು ಮೆಚ್ಚಿಸಲು ಕಲಿತಿಟ್ಟುಕೊಂಡ ವಾಕ್ಯವಿರಬೇಕು, ನಿತ್ಯವೂ ಇದೇ ಸ್ಥಳದಲ್ಲಿ ಹೇಳುತ್ತಿರಬೇಕು ಎಂದೂ ಎನಿಸಿತು.

1724ರ ಡಚ್ಚರ ಶ್ಮಶಾನವನ್ನು ಗೇಟಿನ ಹೊರಗಿನಿಂದಲೇ ನೋಡಿ ಮುಂದೆ ಹೋದೆವು. ಧೋಬಿಖಾನೆಯಲ್ಲಿ ಸ್ವಲ್ಪ ಹೊತ್ತು ಕಳೆಯಿತು. ಸೈನಿಕರ ಉಡುಪುಗಳನ್ನು ಒಗೆಯುವುದಕ್ಕಾಗಿ ಡಚ್ಚರ ಕಾಲದಲ್ಲಿ ತಮಿಳುನಾಡಿನಿಂದ ಕರೆತಂದ ಮಡಿವಾಳರ ಸಂತತಿಯವರು ಇಂದಿಗೂ ಅಲ್ಲಿ ಸಾಲು ಕೋಣೆಗಳಲ್ಲಿ ಒಗೆಯುತ್ತಾರೆ. ಹಿಂದಿನ ಬಯಲಿನಲ್ಲಿ ಎರಡೆಳೆ ಹುರಿಯನ್ನು ಹೊಸೆದು ಕಟ್ಟಿ, ಹೊಸೆತದ ನಡುವೆ ಬಟ್ಟೆಯ ಅಂಚನ್ನು ಸಿಕ್ಕಿಸಿ ಒಣಗಿಸುತ್ತಾರೆ. ಕ್ಲಿಪ್ಪು ಬೇಕಿಲ್ಲ, ಗಾಳಿಗೆ ಹಾರುವುದೂ ಇಲ್ಲ. ನನ್ನಾಕೆಗೆ ಇಗರ್ಜಿಗಿಂತ ಈ ಉಪಾಯವೇ ಹೆಚ್ಚು ಹಿಡಿಸಿತು. ನಮ್ಮ ಹಿತ್ತಿಲಿನಲ್ಲಿ ಈಗ ಹಾಗೆಯೇ ಹುರಿ ಕಟ್ಟಿದ್ದಾಳೆ.

ಮಟ್ಟಾಂಚೇರಿಯ ದಾರಿಯಲ್ಲಿ ಸಾರಥಿಯು ಗಾಡಿಯನ್ನು ಒಂದು ದೊಡ್ಡ ಅಂಗಡಿಯ ಮುಂದೆ ನಿಲ್ಲಿಸಿದನು. ಬಾಗಿಲಿನಲ್ಲಿ ಮರದ ಆನೆ, ಗಾಜಿನೊಳಗೆ ರೇಷ್ಮೆ, ಸಾಂಬಾರ ಪದಾರ್ಥ. "ಮಾಷೇ, ಹತ್ತು ನಿಮಿಷ ಒಳಗೆ ಹೋಗಿ ಕುಳಿತು ಬನ್ನಿ. ಏನೂ ತಗೋಬೇಡಿ. ಸುಮ್ಮನೆ ನೋಡಿ ಬಂದರೆ ಸಾಕು" ಎಂದನು.

ನನಗೆ ಎಲ್ಲಿಲ್ಲದ ಸಿಟ್ಟು ಬಂದಿತು. ಇಂಥವರ ವಿಷಯವಾಗಿ ಬಹಳ ಜನರು ಎಚ್ಚರಿಸಿದ್ದರು. "ನಾವು ಊರು ನೋಡಲು ಹಣ ಕೊಟ್ಟವರು. ನಿನ್ನ ದಲ್ಲಾಳಿಯ ಕೆಲಸಕ್ಕೆ ಬಂದವರಲ್ಲ. ಮೂವತ್ತನಾಲ್ಕು ವರ್ಷ ಹುಡುಗರ ಸುಳ್ಳುಗಳನ್ನು ಕೇಳಿದವನು ನಾನು, ನನ್ನ ಮುಂದೆ ಈ ಆಟ ಬೇಡ. ನಡೆ ಮುಂದಕ್ಕೆ" ಎಂದೆನು. ತರಗತಿಯ ಧ್ವನಿ; ಅಂಗಡಿಯ ಬಾಗಿಲಿನಲ್ಲಿ ನಿಂತಿದ್ದ ಹುಡುಗನೂ ತಿರುಗಿ ನೋಡಿದನು. ಸಾರಥಿಯು ಏನೂ ಹೇಳದೆ ಗಾಡಿಯನ್ನು ಎಬ್ಬಿಸಿದನು. ಅರಮನೆಯವರೆಗೆ ಮೂವರಲ್ಲಿ ಯಾರೂ ಮಾತಾಡಲಿಲ್ಲ.

ಮಟ್ಟಾಂಚೇರಿಯ ಅರಮನೆಯನ್ನು ಪೋರ್ತುಗೀಸರು ಸುಮಾರು 1555ರಲ್ಲಿ ಕಟ್ಟಿಸಿ ಕೊಚ್ಚಿಯ ಅರಸನಿಗೆ ಕಾಣಿಕೆಯಾಗಿ ಕೊಟ್ಟರು. ತಮ್ಮವರು ದೇವಾಲಯವೊಂದನ್ನು ಕೊಳ್ಳೆಹೊಡೆದುದಕ್ಕೆ ಅರಸನು ಮುನಿದಿದ್ದನೆಂದೂ, ಅವನನ್ನು ಸಮಾಧಾನಪಡಿಸುವ ಬಗೆ ಇದೆಂದೂ ಹೇಳುವರು. 1663ರಲ್ಲಿ ಡಚ್ಚರು ದುರಸ್ತು ಮಾಡಿಸಿದುದರಿಂದ ಡಚ್ ಅರಮನೆಯೆಂದು ಹೆಸರಾಯಿತು. ಕಟ್ಟಿದವರೊಬ್ಬರು, ವಾಸಿಸಿದವರೊಬ್ಬರು, ಹೆಸರು ಮತ್ತೊಬ್ಬರದು. ಹೊರಗಿನಿಂದ ನೋಡಿದರೆ ಸಾಧಾರಣವಾದ ಸುಣ್ಣದ ಕಟ್ಟಡ. ನಡುವೆ ಅಂಗಳ, ಅಂಗಳದಲ್ಲಿ ಭಗವತಿಯ ಗುಡಿ. ಆದರೆ ಮೇಲಂತಸ್ತಿನ ಶಯ್ಯಾಗೃಹದ ಭಿತ್ತಿಚಿತ್ರಗಳ ಮುಂದೆ ನಿಂತಾಗ ನನ್ನ ಸಿಟ್ಟೂ ಮಂಡಿನೋವೂ ಮರೆತುಹೋದವು.

ಅದು ಚಿತ್ರದ ರಾಮಾಯಣ. ದಶರಥನ ಪುತ್ರಕಾಮೇಷ್ಟಿಯಿಂದ ಆರಂಭವಾಗಿ ಅಯೋಧ್ಯೆಗೆ ಮರಳುವವರೆಗೆ ಕಥೆಯು ಗೋಡೆಯಿಂದ ಗೋಡೆಗೆ ಹರಿಯುತ್ತದೆ. ಕಾವಿಯ ಕೆಂಪು, ಅರಿಸಿನದ ಹಳದಿ, ಎಲೆಯ ಹಸಿರು ಇವೇ ಮುಖ್ಯವಾದ ಬಣ್ಣಗಳು. ನಡುವೆ ಒಂದು ಬೆರಳಿನಷ್ಟು ಸ್ಥಳವನ್ನೂ ಬರಿದಾಗಿ ಬಿಟ್ಟಿಲ್ಲ. ಕೋಸಲದ ರಾಣಿಯರು ಹೆರುವ ಚಿತ್ರದಲ್ಲಿ ಸೂಲಗಿತ್ತಿಯರು ಅವರನ್ನು ಆತುಕೊಂಡಿರುವ ರೀತಿಯನ್ನು ನೋಡಿ ನನ್ನಾಕೆಯು, "ಇದನ್ನು ಬರೆದವನು ಹೆರಿಗೆಯ ಮನೆಯ ಬಾಗಿಲಲ್ಲಿ ಒಮ್ಮೆಯಾದರೂ ಕಾದವನೇ ಸರಿ" ಎಂದಳು. ಕೆಳಗಿನ ಅಂತಃಪುರದ ಕೋಣೆಗಳಲ್ಲಿ ಕುಮಾರಸಂಭವದ ಪ್ರಸಂಗಗಳಿವೆ, ಗೋವರ್ಧನವನ್ನೆತ್ತಿದ ಕೃಷ್ಣನಿದ್ದಾನೆ. ಕಾಳಿದಾಸನನ್ನು ಅಕ್ಷರಗಳಲ್ಲಿ ಮಾತ್ರ ಬಲ್ಲ ನನಗೆ, ಅವನು ಯಾರದೋ ಮನೆಯ ಗೋಡೆಯ ಮೇಲೆ ನಿತ್ಯದ ನೆಂಟನಂತೆ ಇರುವುದು ಹೊಸದಾಗಿ ಕಂಡಿತು. ಬೇಗ ಬೇಗನೆ ಬಂದು ಹೋಗುವವರು ಈ ಕೋಣೆಗಳಿಗಾದರೂ ಒಂದು ಗಂಟೆಯನ್ನು ಕೊಡಬೇಕು.

ಅರಮನೆಯ ಹಿಂದೆಯೇ ಯಹೂದಿ ಬೀದಿ. ಅದರ ಕೊನೆಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಪ್ರಾರ್ಥನಾಮಂದಿರವಿದೆ. ಚಪ್ಪಲಿ ಬಿಟ್ಟು ಒಳಹೊಕ್ಕರೆ ಕಾಲಿಗೆ ತಣ್ಣಗೆ ತಾಗುವುದು ಚೀನಾದೇಶದ ಬಿಳಿ ನೀಲಿ ಹಾಸುಬಿಲ್ಲೆಗಳು, ಹದಿನೆಂಟನೆಯ ಶತಮಾನದಲ್ಲಿ ತರಿಸಿದವು, ಕೈಯಿಂದ ಬರೆದವು, ಒಂದರಂತೆ ಇನ್ನೊಂದಿಲ್ಲವೆನ್ನುವರು. ಮೇಲೆ ಗಾಜಿನ ದೀಪಗುಚ್ಛಗಳು. ಹೊರಗೆ 1760ರಲ್ಲಿ ಎಜೆಕಿಯೆಲ್ ರಹಬಿಯೆಂಬ ವರ್ತಕನು ಕಟ್ಟಿಸಿದ ಗಡಿಯಾರದ ಗೋಪುರ, ಅದರ ಒಂದು ಮುಖಕ್ಕೆ ಹೀಬ್ರೂ ಅಂಕೆಗಳು. ಆದರೆ ಮಂದಿರದ ನಿಜವಾದ ಸೊತ್ತು ತಾಮ್ರಶಾಸನ. ಕ್ರಿಸ್ತಶಕ 1000ದ ಸುಮಾರಿನಲ್ಲಿ ಭಾಸ್ಕರ ರವಿವರ್ಮನೆಂಬ ಅರಸನು ಜೋಸೆಫ್ ರಬ್ಬಾನನೆಂಬ ಯಹೂದಿಗೆ ಎಪ್ಪತ್ತೆರಡು ವಿಶೇಷಾಧಿಕಾರಗಳನ್ನು ಕೊಟ್ಟ ಪತ್ರವದು. ಹಗಲುದೀವಿಗೆ, ಪಲ್ಲಕ್ಕಿ, ಛತ್ರ ಮೊದಲಾದುವು ಅದರಲ್ಲಿ ಸೇರಿವೆ. ದೂರದಿಂದ ಬಂದವನನ್ನು ಹೊಸಿಲ ಹೊರಗೆ ನಿಲ್ಲಿಸದೆ ಕೊಡೆ ಹಿಡಿಸಿ ಕರೆದುಕೊಂಡ ಅರಸನಿವನು.

1948ರ ತರುವಾಯ ಇಸ್ರೇಲಿಗೆ ಹೋಗತೊಡಗಿದವರು ಹೋಗುತ್ತಲೇ ಇದ್ದರು. ವಿಧಿಯಂತೆ ಸಾಮೂಹಿಕ ಪ್ರಾರ್ಥನೆ ನಡೆಯಬೇಕಾದರೆ ಹತ್ತು ಮಂದಿ ಪ್ರೌಢ ಪುರುಷರು ಬೇಕು. ಹೊರಗಿನಿಂದ ಬಂದ ಯಹೂದಿ ಪ್ರವಾಸಿಗಳು ಸೇರಿದಾಗಲೇ ಈಗ ಆ ಸಂಖ್ಯೆ ತುಂಬುವುದು. ಬೀದಿಯ ಮನೆಗಳೆಲ್ಲ ಹಳೆಯ ಸಾಮಾನುಗಳ ಅಂಗಡಿಗಳಾಗಿವೆ. ನಾವು ಹೊರಗೆ ಬಂದಾಗ ಸಾರಥಿಯು ತಾನಾಗಿಯೇ ಮಾತೆತ್ತಿದನು. ನನ್ನನ್ನು ನೋಡಿ ಅಲ್ಲ, ನನ್ನಾಕೆಯನ್ನು ನೋಡಿ. "ನನ್ನ ಅಪ್ಪನ ಅಮ್ಮ ಈ ಬೀದಿಯ ಒಂದು ಮನೆಗೆ ಹಾಲು ಹಾಕುತ್ತಿದ್ದರು ಅಮ್ಮಾ. ಅವರು ಹಡಗು ಹತ್ತುವ ದಿನ ಗೋಡೆ ಗಡಿಯಾರ ಇಳಿಸಿ ಅಜ್ಜಿಯ ಕೈಗೆ ಕೊಟ್ಟರಂತೆ. ನಮ್ಮ ಮನೆಯಲ್ಲಿ ಇದೆ. ಓಡುವುದಿಲ್ಲ. ಎರಡು ಸಲ ಮಾರಲು ಕೇಳಿದರು, ಅಪ್ಪ ಕೊಡಲಿಲ್ಲ."

ಅಲ್ಲಿಂದ ಸಾಂಬಾರ ಪದಾರ್ಥಗಳ ಮಂಡಿಗಳ ನಡುವೆ ಹೋದೆವು. ಶುಂಠಿ, ಏಲಕ್ಕಿ, ಮೆಣಸಿನ ವಾಸನೆಗೆ ನನ್ನಾಕೆಯ ಮುಖ ಅರಳಿತು. ಅವಳ ತವರಿನಲ್ಲಿ ಅಡಕೆಯ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಈ ಕರಿಯ ಕಾಳಿಗಾಗಿಯೇ ಅಲ್ಲವೆ ಹಡಗುಗಳು ಬಂದುದು? ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿಯೆಂದೇ ಕರೆದರು.

ಮಟ್ಟಾಂಚೇರಿಯ ಚೆರ್ಲಾಯಿ ಎಂಬ ಭಾಗದಲ್ಲಿ ಕೊಂಕಣಿಗಳ ತಿರುಮಲ ದೇವಾಲಯವಿದೆ. ಗೋವೆಯಲ್ಲಿ 1560ರಲ್ಲಿ ಮತವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾದಾಗ ಕರಾವಳಿಯುದ್ದಕ್ಕೂ ತೆಂಕಣಕ್ಕೆ ಓಡಿಬಂದವರಲ್ಲಿ ಅನೇಕರು ನಮ್ಮ ಕನ್ನಡ ಜಿಲ್ಲೆಗಳಲ್ಲಿ ನಿಂತರು, ಅನೇಕರು ಇಲ್ಲಿಯವರೆಗೆ ಬಂದರು. ನಾವು ತಲಪಿದಾಗ ಮಧ್ಯಾಹ್ನದ ಪೂಜೆ ಮುಗಿದು ಬಾಗಿಲು ಹಾಕಿತ್ತು. ಹೊರಗೆ ನೆರಳಿನಲ್ಲಿ ಹೂ ಕಟ್ಟುತ್ತಿದ್ದ ಮುದುಕಿಯೊಬ್ಬಳ ಪಕ್ಕದಲ್ಲಿ ನನ್ನಾಕೆ ಕುಳಿತಳು. ಕುಮಟೆಯಲ್ಲಿ ನೆರೆಮನೆಯವರಿಂದ ಬಾಲ್ಯದಲ್ಲಿ ಕಲಿತ ಕೊಂಕಣಿಯನ್ನು ಅವಳು ನಲವತ್ತು ವರ್ಷಗಳಿಂದ ಆಡಿರಲಿಲ್ಲ. ಒಂದೆರಡು ಮಾತು ತಡವರಿಸಿದವು, ಆಮೇಲೆ ನೋಡಬೇಕು! ಮೊಮ್ಮಕ್ಕಳ ಸಂಖ್ಯೆ, ಉಪ್ಪಿನಕಾಯಿಯ ಕ್ರಮ, ಸೊಸೆಯ ಗುಣ ಎಲ್ಲವೂ ಅರ್ಧ ಗಂಟೆಯಲ್ಲಿ ಮುಗಿದುವು. ಎದ್ದು ಬರುವಾಗ ಮುಡಿಯಲ್ಲಿ ಒಂದು ಮೊಳ ಮಲ್ಲಿಗೆ. ಮುದುಕಿ ಹಣ ಮುಟ್ಟಲಿಲ್ಲವಂತೆ.

ಅಷ್ಟರಲ್ಲಿ ನಾನೂ ಸಾರಥಿಯೂ ಕಟ್ಟೆಯ ಮೇಲೆ ಕುಳಿತಿದ್ದೆವು. ಮೌನವು ಭಾರವಾಗಿ, ನಾನೇ, "ಈ ದೇವಾಲಯದ ವಿಷಯ ಏನಾದರೂ ಬಲ್ಲೆಯಾ?" ಎಂದು ಕೇಳಿದೆನು.

"ದೇವಸ್ಥಾನದ ವಿಷಯ ಅವರಿಗೇ ಗೊತ್ತು. ಈ ಜನರಲ್ಲಿ ಹಿಂದೆ ಮೂರು ಜನ ವೈದ್ಯರು ಇದ್ದರು ಮಾಷೇ, ಸಂಸ್ಕೃತ ಓದಿದವರು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ನಿಮಗೆ ಗೊತ್ತಿರುತ್ತದೆ" ಎಂದನು.

ನನಗೆ ಗೊತ್ತಿರಲಿಲ್ಲ. ಅವನು ಹೇಳಿದುದನ್ನೂ, ಆ ರಾತ್ರಿಯೂ ಮುಂದಿನ ದಿನಗಳಲ್ಲಿಯೂ ಗ್ರಂಥಗಳಲ್ಲಿ ನೋಡಿ ನಾನು ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಹದಿನೇಳನೆಯ ಶತಮಾನದಲ್ಲಿ ಡಚ್ಚರ ಅಧಿಪತಿಯಾಗಿ ಕೊಚ್ಚಿಯಲ್ಲಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬಾತನು ಈ ಕರಾವಳಿಯ ಗಿಡಮೂಲಿಕೆಗಳ ಬೃಹದ್ಗ್ರಂಥವೊಂದನ್ನು ಮಾಡಿಸಿದನು. ಹೊರ್ತುಸ್ ಮಲಬಾರಿಕುಸ್, ಎಂದರೆ ಮಲಬಾರಿನ ಉದ್ಯಾನ, ಎಂದು ಅದರ ಹೆಸರು. ಭಾಷೆ ಲ್ಯಾಟಿನ್. 1678ರಿಂದ 1693ರವರೆಗೆ ಆಮ್ಸ್ಟರ್‌ಡಾಮ್ ನಗರದಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಏಳುನೂರಕ್ಕೂ ಹೆಚ್ಚು ಸಸ್ಯಗಳ ವರ್ಣನೆ, ಚಿತ್ರ, ಔಷಧಗುಣಗಳು ಅದರಲ್ಲಿವೆ. ಮಲಯಾಳದ ಅಕ್ಷರಗಳು ಮೊದಲ ಬಾರಿಗೆ ಅಚ್ಚಿನಲ್ಲಿ ಕಂಡುದು ಅದರಲ್ಲಿ. ಸಸ್ಯಗಳ ಹೆಸರುಗಳು ನಾಗರಿಯಲ್ಲಿಯೂ ಇವೆ. ಮುಂದೆ ಸಸ್ಯಶಾಸ್ತ್ರದ ಆಚಾರ್ಯನಾದ ಲಿನೇಯಸನೂ ಈ ಗ್ರಂಥವನ್ನು ಆಧಾರವಾಗಿ ಬಳಸಿಕೊಂಡನು. ಇಷ್ಟನ್ನೂ ಡಚ್ಚನು ಎಲ್ಲಿಂದ ಬಲ್ಲನು? ಆ ಮೂವರು ಕೊಂಕಣಿ ವೈದ್ಯರು ನಿಘಂಟುಗಳನ್ನು ನೋಡಿ, ಗಿಡಗಳನ್ನು ತರಿಸಿ, ಗುಣದೋಷಗಳನ್ನು ಹೇಳಿದರು. ತಾವು ಹಾಗೆ ದುಡಿದೆವೆಂದು 1675ರಲ್ಲಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪತ್ರವು ಮೊದಲ ಸಂಪುಟದಲ್ಲಿಯೇ ಅಚ್ಚಾಗಿದೆ. ಮೂರು ದಶಕಗಳಿಗೂ ಮೀರಿ ಶ್ರಮಪಟ್ಟು ಈ ಗ್ರಂಥವನ್ನು ಇಂಗ್ಲಿಷಿಗೆ ತಂದವರು ಕೇರಳದ ಸಸ್ಯಶಾಸ್ತ್ರಜ್ಞರಾದ ಕೆ. ಎಸ್. ಮಣಿಲಾಲರು, ಅದು 2003ರಲ್ಲಿ ಪ್ರಕಟವಾಯಿತು.

ಅಮರಕೋಶದ ವನೌಷಧಿವರ್ಗವನ್ನು ಎಷ್ಟೋ ಸಲ ಪಾಠ ಹೇಳಿದ ನನಗೆ, ಅದೇ ವಿದ್ಯೆಯಿಂದ ಆದ ಈ ಕಾರ್ಯವು ತಿಳಿದಿರಲಿಲ್ಲ. 1663 ಎಂಬ ಇಸವಿ ಮಾತ್ರ ತಿಳಿದಿತ್ತು.

"ಇದನ್ನೆಲ್ಲ ನಿನಗೆ ಯಾರು ಹೇಳಿದರು?" ಎಂದೆನು.

"ನನ್ನ ಅಮ್ಮನ ಊರು ಚೇರ್ತಲದ ಹತ್ತಿರ, ಕಡಕ್ಕರಪ್ಪಳ್ಳಿ. ನಾಲ್ಕನೆಯ ವೈದ್ಯರು ಅಲ್ಲಿಯವರು, ಇಟ್ಟಿ ಅಚ್ಯುತನ್. ಸಂಸ್ಕೃತದವರಲ್ಲ, ಮರ ಹತ್ತುವ ಜಾತಿಯವರು ಎಂದು ಜನ ಹೇಳುತ್ತಿದ್ದರು. ಈಳವರು. ಆದರೆ ಹೆಚ್ಚು ಗಿಡ ಹೇಳಿದವರು ಅವರೇ ಮಾಷೇ, ಮನೆತನದ ಓಲೆಗರಿಗಳು ಇದ್ದವು. ಅವರ ಹೆಸರಿನಲ್ಲಿ ದೀಪ ಹಚ್ಚುವ ಚಿಕ್ಕ ಮನೆ ಈಗಲೂ ಇದೆ. ಸಣ್ಣವನಿದ್ದಾಗ ಅಜ್ಜ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು."

ಇಗರ್ಜಿಯಲ್ಲಿ ಬೀಸಣಿಗೆಯ ಹಗ್ಗವನ್ನು ತೋರಿಸಿ ಅವನು ಆಡಿದ ಮಾತು ಕಲಿತಿಟ್ಟುಕೊಂಡ ವಾಕ್ಯವಾಗಿರಲಿಲ್ಲ.

ಊಟಕ್ಕೆ ಹೋಗುವ ದಾರಿಯಲ್ಲಿ ನನ್ನಾಕೆ ಕೇಳಿದಳು: "ಬೆಳಿಗ್ಗೆ ಅವರು ಸುಳ್ಳು ಎಂಬುದಾಗಿ ಹೇಳಿದುದು ಏನು? ಏನೂ ಕೊಳ್ಳಬೇಡಿ ಎಂದರು. ಅದು ಸುಳ್ಳೆ?" ಅವಳಿಗೆ ಆಗಲೇ ಎಲ್ಲವೂ ತಿಳಿದಿತ್ತು, ಹೂವಿನ ಮುದುಕಿಯೇ ಹೇಳಿದ್ದಳಂತೆ. ಪ್ರವಾಸಿಗಳನ್ನು ಬಾಗಿಲಿಗೆ ತಂದ ಗಾಡಿಯವನಿಗೆ ಅಂತಹ ಅಂಗಡಿಗಳಲ್ಲಿ ಒಂದು ಚೀಟಿ ಕೊಡುತ್ತಾರೆ. ಅವರು ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ. ಚೀಟಿಗಳು ಕೂಡಿದರೆ ತಿಂಗಳ ಕೊನೆಗೆ ಅಕ್ಕಿಯೋ ಪೆಟ್ರೋಲೋ ದೊರೆಯುತ್ತದೆ. ಮಳೆಗಾಲದಲ್ಲಿ ಪ್ರವಾಸಿಗಳಿಲ್ಲದ ಮೂರು ತಿಂಗಳನ್ನು ಅದರಿಂದ ನೀಗುವವರು ಎಷ್ಟೋ ಮಂದಿ.

ಊಟವಾದ ಮೇಲೆ ಗಾಡಿ ಹತ್ತುವಾಗ ನಾನು, "ಬೆಳಗಿನ ಅಂಗಡಿಗೆ ಒಮ್ಮೆ ಹೋಗೋಣ. ನೀವು ತೋರಿಸಿದ ಮೇಲೆ ನೋಡದೆ ಹೋದರೆ ಹೇಗೆ?" ಎಂದೆನು. ಅವನು ಕನ್ನಡಿಯಲ್ಲಿ ನನ್ನ ಮುಖವನ್ನು ನೋಡಿದನು. "ಬೇಡ ಮಾಷೇ, ನಿಮಗೆ ಇಷ್ಟವಿಲ್ಲದ್ದು" ಎಂದನು. ನನ್ನಾಕೆ, "ನನಗೆ ಶುಂಠಿ ಬೇಕು" ಎಂದಳು. ನಮ್ಮ ಮನೆಯ ಅಟ್ಟದಲ್ಲಿ ಆರು ಸೇರು ಒಣಶುಂಠಿ ಇರುವುದನ್ನು ನಾನು ಹೇಳಲಿಲ್ಲ.

ಹತ್ತು ನಿಮಿಷವಲ್ಲ, ಮುಕ್ಕಾಲು ಗಂಟೆ ಕುಳಿತೆವು. ರೇಷ್ಮೆಯನ್ನು ಬಿಚ್ಚಿಸಿದೆವು, ಮಡಿಸಿಸಿದೆವು. ಮೆಣಸನ್ನು ಅಂಗೈಯಲ್ಲಿ ಉಜ್ಜಿ ನನ್ನಾಕೆಯು ತೀರ್ಪು ಹೇಳಿದಳು: ಕಾಳು ದಪ್ಪವಾಗಿದೆ, ಖಾರ ಸಾಲದು. ಕಾಲು ಕಿಲೋ ಶುಂಠಿಗೆ ಶಿರಸಿಯಲ್ಲಿ ಒಂದು ಕಿಲೋ ಕೊಳ್ಳುವಷ್ಟು ತೆತ್ತೆವು.

ದೋಣಿಯ ಕಟ್ಟೆಗೆ ಬಂದಾಗ ಬಿಸಿಲು ಬಾಗಿತ್ತು. ಗೊತ್ತಾದ ಹಣವನ್ನು ಕೊಟ್ಟು ಮೇಲೆ ಇನ್ನೂರು ರೂಪಾಯಿಗಳನ್ನು ನೀಡಿದರೆ ಸಾರಥಿಯು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಆಡಿದ ಮಾತು ತಪ್ಪಾಯಿತೆಂದು ನಾನು ಹೇಳಿದೆನು. ಮಕ್ಕಳ ಮುಂದೆ ಹೇಳಲು ಬಾರದ ಮಾತು ಇಲ್ಲಿ ಹೇಗೋ ಬಂದಿತು. ಅವನು ಅದಕ್ಕೆ ಏನೂ ಹೇಳದೆ, "ಮಾಷೇ, ಒಂದು ಕೆಲಸ ಮಾಡಿಕೊಡಿ. ಮಗಳು ಏಳನೆಯ ಕ್ಲಾಸು, ಹಿಂದಿ ಅಕ್ಷರ ಓದುತ್ತಾಳೆ. ಆ ನಾಲ್ಕು ಜನರ ಹೆಸರನ್ನು ಆ ಅಕ್ಷರದಲ್ಲೇ ಬರೆದುಕೊಡಿ" ಎಂದನು.

ಕಿಸೆಯಲ್ಲಿದ್ದ ಚಿಕ್ಕ ಪುಸ್ತಕದಿಂದ ಹಾಳೆಯನ್ನು ಹರಿದು, ಗಾಡಿಯ ಆಸನದ ಮೇಲೆ ಇಟ್ಟುಕೊಂಡು, ಕರಿಹಲಗೆಯ ಮೇಲೆ ಬರೆಯುವಂತೆ ದುಂಡಾಗಿ ಬರೆದೆನು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ, ಇಟ್ಟಿ ಅಚ್ಯುತನ್. ಅವನು ಹಾಳೆಯನ್ನು ಹಿಡಿದು ನೋಡಿದನು. ನಾಗರಿ ಅವನಿಗೂ ಬರುತ್ತಿತ್ತೆಂದು ಆಗ ತಿಳಿಯಿತು.

"ಇಟ್ಟಿ ಅಚ್ಯುತನ್ ವೈದ್ಯರನ್ನು ಕೊನೆಯಲ್ಲಿ ಬರೆದಿದ್ದೀರಿ" ಎಂದನು. ದೂರುವ ಧ್ವನಿಯಿರಲಿಲ್ಲ.

ದೋಣಿಗೆ ಜನರು ಹತ್ತುತ್ತಿದ್ದರು. ನನ್ನಾಕೆ ಶುಂಠಿಯ ಚೀಲವನ್ನು ಹಿಡಿದು ಕಟ್ಟೆಯ ತುದಿಯಿಂದ ಕೂಗುತ್ತಿದ್ದಳು. ನಾನು ಇನ್ನೊಂದು ಹಾಳೆಯನ್ನು ಹರಿದು, ಮೊದಲಿನಿಂದ ಬರೆದೆನು.